ಅತ್ತೆಮನೆ ಬೆಂಡೆ, ಕೆಳಗಿನಮನೆ ಬದನೆ: ಹಿತ್ತಲ ತರಕಾರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಶಿರಸಿ ಕಡೆ. ಅಡಿಕೆ ತೋಟ, ಒಂದಿಷ್ಟು ಗದ್ದೆ, ಮನೆ ಹಿಂದೆ ಹಿತ್ತಲು. ನಾನೀಗ ಇರುವುದು ಬೆಂಗಳೂರಿನಲ್ಲಿ, ತಾರಸಿ ಮೇಲೆ ಮೂವತ್ತು ಚೀಲ ಇಟ್ಟುಕೊಂಡು ಅದೇ ಹಿತ್ತಲಿನ ಬೀಜ ಹಾಕುತ್ತೇನೆ. ನೋಡಿದವರು ಕೇಳುವುದೆಲ್ಲ ಹೆಚ್ಚುಕಮ್ಮಿ ಒಂದೇ. ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಸಾಕಾಯಿತು, ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಮಲೆನಾಡಿನ ಲೆಕ್ಕದಲ್ಲಿ ಬರೆದಿದ್ದು, ನಿಮ್ಮೂರಿಗೆ ತಕ್ಕಂತೆ ಹೊಂದಿಸಿಕೊಳ್ಳಿ.

ಹಿತ್ತಲು ಅಂದರೆ ಕೈತೋಟವೇ ಅಲ್ವಾ?

ಹೌದು ಅಂದರೂ ಪೂರ್ತಿ ಹೌದಲ್ಲ. ಕೈತೋಟಕ್ಕೆ ಸಾಲು ಇರುತ್ತದೆ, ಮಡಿ ಇರುತ್ತದೆ, ಯಾರೋ ಕೂತು ಯೋಚನೆ ಮಾಡಿರುತ್ತಾರೆ. ಹಿತ್ತಲು ಹಾಗೇ ಸುಮ್ನೆ ಆಗುತ್ತಾ ಹೋಗಿದ್ದು. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಅದರ ಬುಡದಲ್ಲಿ ಕೆಸು, ಬಾವಿಕಟ್ಟೆ ಪಕ್ಕ ಒಂದೆಲಗ, ಅಡಿಕೆ ದಬ್ಬೆಯ ಚಪ್ಪರಕ್ಕೆ ಬಸಳೆ, ಬೇಲಿಗೆ ಹೀರೆ, ಕೊಟ್ಟಿಗೆ ಮಾಡಿನ ಮೇಲೆ ಸೋರೆ, ಗೊಬ್ಬರಗುಂಡಿ ಅಂಚಿನಲ್ಲಿ ಯಾರೂ ಬಿತ್ತದೇ ಹುಟ್ಟಿದ ಸಿಹಿಗುಂಬಳ. ಹೊಸಬರು ಬಂದರೆ ಕಾಡು ಬೆಳೆದಿದೆ ಅಂತಾರೆ. ಆಯಿ (ನನ್ನ ಅಮ್ಮ) ಮಾತ್ರ ಕರೆಂಟು ಹೋದ ಕತ್ತಲಲ್ಲೂ ಹೋಗಿ ನಾಲ್ಕು ಹಸಿಮೆಣಸು, ಎರಡು ಎಸಳು ಕರಿಬೇವು ಕೊಯ್ದುಕೊಂಡು ಬರುತ್ತಾಳೆ.

ಇನ್ನೊಂದು ಮಾತು. ನಮ್ಮ ಕಡೆ ತೋಟ ಗಂಡಸರದ್ದು, ಹಿತ್ತಲು ಹೆಂಗಸರದ್ದು. ಅಪ್ಪ ಅಡಿಕೆ ಲೆಕ್ಕ ಬರೆದ ಪುಸ್ತಕಗಳು ಅಟ್ಟದ ಮೇಲೆ ಒಂದು ಪೆಟ್ಟಿಗೆ ತುಂಬ ಇವೆ. ಕ್ವಿಂಟಲ್ಲು, ದರ, ಕೂಲಿ, ಮದ್ದು ಹೊಡೆದ ದಿನ, ಎಲ್ಲ ಇದೆ. ಹಿತ್ತಲಿನ ಒಂದೇ ಒಂದು ಬೆಂಡೆಕಾಯಿ ಅದರಲ್ಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ಎಲ್ಲರೂ ಉಂಡಿದ್ದು ಮಾತ್ರ ಹಿತ್ತಲಿನದ್ದನ್ನೇ.

ತಲೆಮಾರಿನ ಬೀಜ ಅಂತೀರಲ್ಲ, ಎಷ್ಟು ಹಳೆಯದು?

ಅಜ್ಜಿ ಮದುವೆಯಾಗಿ ಬರುವಾಗಲೇ ಕೆಲವು ಇದ್ದವಂತೆ. ಅದಕ್ಕಿಂತ ಹಿಂದಿನದ್ದನ್ನು ಹೇಳುವವರು ಯಾರೂ ಉಳಿದಿಲ್ಲ. ನಮ್ಮ ಹಿತ್ತಲಿನ ತಳಿಗಳಿಗೆ ಹೆಸರಿಗಿಂತ ವಿಳಾಸವೇ ಜಾಸ್ತಿ. ಕೆಳಗಿನಮನೆ ಬದನೆ, ಅತ್ತೆಮನೆ ಬೆಂಡೆ, ಆಯಿಯ ತವರಿನ ಬಸಳೆ, ಜಾತ್ರೆಲಿ ಸಿಕ್ಕಿದ ಪಡವಲ (ಇದನ್ನು ಕೊಟ್ಟವರು ಯಾರು ಅಂತ ಯಾರಿಗೂ ನೆನಪಿಲ್ಲ). ಆಸ್ತಿಪತ್ರದಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಅಂತ ಒಂದೇ ಸಾಲಿನಲ್ಲಿ ಹೆಸರು ಬರುತ್ತದೆ. ಬೀಜ ಮಾತ್ರ ಮದುವೆಯಾದ ಹೆಣ್ಣುಮಕ್ಕಳ ಜೊತೆ ಮನೆಯಿಂದ ಮನೆಗೆ ಅಡ್ಡಡ್ಡ ಹೋಗಿದೆ. ಆಯಿ ಬರುವಾಗ ಟ್ರಂಕಿನಲ್ಲಿ ಸೀರೆ ಇತ್ತು, ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಬಸಳೆ ಬಳ್ಳಿಯ ತುಂಡು ಇತ್ತು. ಸೀರೆ ಯಾವುದೂ ಈಗ ಇಲ್ಲ.

ಹಾಗಾದರೆ ಹಿತ್ತಲಲ್ಲಿರುವುದೆಲ್ಲ ನಮ್ಮದೇ ನಾಡಿನ ತರಕಾರಿನಾ?

ಇಲ್ಲ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಗೆಣಸು, ಸಿಹಿಗುಂಬಳ, ಬೀನ್ಸ್ ಎಲ್ಲ ಅಮೆರಿಕ ಖಂಡದಿಂದ ಬಂದವು. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಇವೆಲ್ಲ ಅದರ ನಂತರದವು. ಸೀಮೆಬದನೆಯ ಹೆಸರಿನಲ್ಲೇ 'ಸೀಮೆ' ಇದೆ, ಹೊರಗಿನದ್ದು ಅಂತ ಅರ್ಥ. ಮೆಣಸಿನಕಾಯಿಗಂತೂ ಕಾಳುಮೆಣಸಿನ ಹೆಸರನ್ನೇ ಎತ್ತಿ ಇಟ್ಟಿದ್ದಾರೆ. ಹಳೆಯದು ಯಾವುದು, ಹೊಸದು ಯಾವುದು ಅಂತ ತಿಳಿಯಬೇಕಿದ್ದರೆ ಶ್ರಾದ್ಧದ ಅಡುಗೆ ನೋಡಿ. ನಮ್ಮ ಕಡೆ ಹಲವು ಮನೆಗಳಲ್ಲಿ ಅವತ್ತು ಟೊಮೆಟೊ, ಆಲೂಗಡ್ಡೆ, ಹಸಿಮೆಣಸು ಒಳಗೆ ಬರುವುದಿಲ್ಲ. ಕಾಳುಮೆಣಸಿನ ಖಾರ, ಬಾಳೆಕಾಯಿ, ಹಾಗಲ, ಕೆಸು ಇಷ್ಟೇ. ಹಾಗಂತ ಮೆಣಸಿನಕಾಯಿಯನ್ನು ಹೊರಗಿನದ್ದು ಅಂತ ಬಿಡಲು ಆಗುತ್ತಾ? ಅಜ್ಜಿಯ ಸೂಜಿಮೆಣಸು ಈಗಲೂ ತುಳಸಿಕಟ್ಟೆ ಹಿಂದೆ ಇದೆ.

ಬೀಜ ಯಾವಾಗ ಹಾಕಬೇಕು?

ಮಳೆಗಾಲದ ತರಕಾರಿಗೆ ನಮ್ಮಲ್ಲಿ ರೋಹಿಣಿ ಮಳೆ ಲೆಕ್ಕ. ಮಳೆ ನಕ್ಷತ್ರ ಸೂರ್ಯನ ಚಲನೆಯ ಮೇಲೆ ಇರುವುದರಿಂದ ಪ್ರತಿ ವರ್ಷ ಹೆಚ್ಚುಕಮ್ಮಿ ಅದೇ ತಾರೀಕಿಗೆ ಬರುತ್ತದೆ. ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 8ರ ಹೊತ್ತಿಗೆ ಮೃಗಶಿರ, 22ರ ಹೊತ್ತಿಗೆ ಆರಿದ್ರಾ. ಒಂದೊಂದಕ್ಕೂ 13-14 ದಿನ. ಪಂಚಾಂಗ ನೋಡಲು ಬಾರದ ಅಜ್ಜಿಗೂ ಇದು ಬಾಯಿಪಾಠ.

ಕಾರಣ ಸುಲಭ. ಮಲೆನಾಡಿನ ಜಡಿಮಳೆ ಶುರುವಾಗುವುದರೊಳಗೆ ಬಳ್ಳಿಗೆ ನಾಲ್ಕು ಎಲೆ ಬಂದು ಬೇರು ಕಚ್ಚಿಕೊಂಡಿರಬೇಕು. ಆರಿದ್ರಾದಲ್ಲಿ ಹಾಕಿದ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ, ಮೊಳೆತದ್ದನ್ನು ಬಸವನಹುಳ ಬಿಡುವುದಿಲ್ಲ. ಇನ್ನೊಂದು ಕಡೆಯಿಂದ ಚೌತಿಯ ಗಡುವು ಬೇರೆ. ಗಣಪತಿ ಮೇಲೆ ಫಲಾವಳಿ ಕಟ್ಟಲು ಮುಳ್ಳುಸೌತೆ, ಹೀರೆ, ಹಾಗಲ ಎಲ್ಲ ಹಿತ್ತಲಿನದ್ದೇ ಬೇಕು. ಅಂಗಡಿಯಿಂದ ತಂದು ಕಟ್ಟಿದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ನೋಡುತ್ತಾರೆ. ಮೇ ಕೊನೆಗೆ ಹಾಕಿದರೆ ಸರಿಯಾಗಿ ಚೌತಿಗೆ ಕಾಯಿ.

ಮೊಗೆಕಾಯಿಗೆ (ಸಾಂಬಾರು ಸೌತೆ) ಈ ಲೆಕ್ಕ ಇಲ್ಲ, ಅದು ಬೇಸಿಗೆಯದ್ದು. ಭತ್ತ ಕೊಯ್ದ ಗದ್ದೆಯಲ್ಲಿ ಹಾಕಿ, ಕೊಡದಲ್ಲಿ ನೀರು ಹೊತ್ತು ಬೆಳೆಸಿ, ಮಳೆ ಬರುವ ಮೊದಲು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆ ಜಂತಿಗೆ ನೇತುಹಾಕುವುದು. ಆಷಾಢದಲ್ಲಿ ಹೊರಗೆ ಕಾಲಿಡಲು ಆಗದ ದಿನ ತಲೆ ಎತ್ತಿ ನೋಡಿದರೆ ಸಾಂಬಾರಿಗೆ ಕಾಯಿ ಸಿಗುತ್ತದೆ.

ಬಯಲುಸೀಮೆಯವರಿಗೆ ಹಿತ್ತಲಿನ ಬದಲು ರಾಗಿ ಹೊಲದ ಅಕ್ಕಡಿ ಸಾಲು, ಅಂದರೆ ರಾಗಿ ನಡುವೆ ಬೇರೆ ಬೆಳೆ ಹಾಕುವ ಸಾಲು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಎಲ್ಲ ಅದರಲ್ಲೇ. ಬೆಂಗಳೂರಿನ ತಾರಸಿಯಲ್ಲಿ ನಾನು ಬೆಂಡೆಯನ್ನು ಫೆಬ್ರವರಿಯಲ್ಲಿ ಒಮ್ಮೆ, ಜೂನಿನಲ್ಲಿ ಒಮ್ಮೆ ಹಾಕುತ್ತೇನೆ. ಸೊಪ್ಪು ವರ್ಷವಿಡೀ.

ಬೀಜಕ್ಕೆ ಯಾವ ಕಾಯಿ ಬಿಡಬೇಕು?

ಒಳ್ಳೆಯದನ್ನು. ಎಲ್ಲರೂ ತಪ್ಪುವುದು ಇಲ್ಲೇ. ಚೆನ್ನಾಗಿರುವುದನ್ನೆಲ್ಲ ಕೊಯ್ದು ತಿಂದು, ಕೊನೆಗೆ ಸೊಟ್ಟಗೆ ಉಳಿದ ಒಂದನ್ನು ಬೀಜಕ್ಕೆ ಅಂತ ಬಿಡುತ್ತೇವೆ. ನಾಲ್ಕು ವರ್ಷ ಹಾಗೆ ಮಾಡಿದರೆ ಗಿಡವೂ ಸೊಟ್ಟಗಾಗುತ್ತದೆ.

ಆಯಿ ಮೊದಲು ಗಿಡ ಆರಿಸುತ್ತಾಳೆ, ಆಮೇಲೆ ಕಾಯಿ. ರೋಗ ಬಾರದ, ಬೇಗ ಹೂ ಬಿಟ್ಟ, ಜಾಸ್ತಿ ದಿನ ಕಾಯಿ ಕೊಟ್ಟ ಗಿಡ. ಒಂದೇ ಗಿಡ ಸಾಲದು, ಕನಿಷ್ಠ ನಾಲ್ಕೈದರಿಂದ ತೆಗೆಯಬೇಕು. ಬೆಂಡೆಯಲ್ಲಿ ಮೊದಲ ಎರಡು ಕಾಯಿ ಅಡುಗೆಗೆ, ನಡುವಿನದ್ದು ಬೀಜಕ್ಕೆ, ತುದಿಯದ್ದು ಮತ್ತೆ ಅಡುಗೆಗೆ. ಬೀಜದ ಕಾಯಿಗೆ ಹಳೆ ಸೀರೆಯ ಅಂಚು ಹರಿದು ಚಿಂದಿ ಕಟ್ಟುತ್ತಾಳೆ. ಆ ಚಿಂದಿ ಕಂಡರೆ ಮನೆಯಲ್ಲಿ ಯಾರೂ, ಎಷ್ಟೇ ಬೇರೆ ತರಕಾರಿ ಇಲ್ಲದಿದ್ದರೂ, ಕೈ ಹಾಕುವಂತಿಲ್ಲ. ಕಾಯಿ ಒಣಗಿ ಕಂದಾಗಿ ಏಣಿನಲ್ಲಿ ಬಿರುಕು ಬಿಡುವ ಹೊತ್ತಿಗೆ ಕೊಯ್ದು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಗಿಲಕಿಯ ಹಾಗೆ ಸದ್ದು ಬಂದರೆ ಆಯಿತು. ಬಾರದಿದ್ದರೆ ಇನ್ನೆರಡು ದಿನ ಬಿಸಿಲು.

ಬದನೆ ಹಳದಿಯಾಗಿ ಮೆತ್ತಗಾಗಬೇಕು. ಹೀರೆ, ಸೋರೆ ಬಳ್ಳಿಯಲ್ಲೇ ಒಣಗಬೇಕು. ಮುಳ್ಳುಸೌತೆ ಹಣ್ಣಾಗಿ ಕಂದು ಬಣ್ಣಕ್ಕೆ ಬರಬೇಕು. ಸೌತೆ ಜಾತಿಯಲ್ಲಿ ತುದಿ-ಬುಡದ ಬೀಜ ಬಿಟ್ಟು ನಡುವಿನದ್ದನ್ನು ಮಾತ್ರ ತೆಗೆಯುವುದು ನಮ್ಮ ಮನೆ ಪದ್ಧತಿ. ಟೊಮೆಟೊ ಆದರೆ ಬೀಜವನ್ನು ತಿರುಳಿನ ಸಮೇತ ಲೋಟದಲ್ಲಿ ಎರಡು ದಿನ ಹುಳಿಬರಿಸಿ, ಸುತ್ತಲಿನ ಲೋಳೆ ಬಿಟ್ಟ ಮೇಲೆ ತೊಳೆದು ಒಣಗಿಸಿ. ವಾಸನೆ ಬರುತ್ತದೆ, ಮನೆಯವರು ಬೈಯುತ್ತಾರೆ.

ಎತ್ತಿಡುವುದು ಹೇಗೆ? ನಮ್ಮದು ಪ್ರತಿ ವರ್ಷ ಹುಳ ಬೀಳುತ್ತದೆ.

ಹಳೆ ಕಾಲದಲ್ಲಿ ಒಲೆ ಇತ್ತು. ಒಲೆ ಮೇಲಿನ ಅಟ್ಟದಲ್ಲಿ ಹೊಗೆ, ಬಿಸಿ ಎರಡೂ ಸಿಗುತ್ತಿತ್ತು, ಎಂಥಾ ಮಳೆಗಾಲದಲ್ಲೂ ಬೀಜಕ್ಕೆ ಥಂಡಿ ತಾಗುತ್ತಿರಲಿಲ್ಲ. ಬೆಂಡೆ, ಅಲಸಂದೆ ಬೀಜ ಬೂದಿ ಬೆರೆಸಿ ಸೋರೆ ಬುರುಡೆಯಲ್ಲಿ. ಸೌತೆ, ಕುಂಬಳದ ಬೀಜ ಸೆಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುವುದು. ಬೇಕಾದಾಗ ಒಂದು ತುಂಡು ಕಿತ್ತು ಹಾಗೇ ಗುಂಡಿಗೆ ಇಟ್ಟರೆ ಬೀಜದ ಜೊತೆ ಗೊಬ್ಬರವೂ ಹೋದಂತೆ.

ಅಡುಗೆಮನೆ ರಿಪೇರಿ ಮಾಡಿಸಿದ ವರ್ಷ ಒಲೆ ಹೋಯಿತು, ಗೋಡೆಗೆ ಬಣ್ಣ ಬಂತು, ಅಟ್ಟ ಮುಚ್ಚಿತು. ನಾನೇ ಬೆಂಗಳೂರಿನಿಂದ ಚೆಂದದ ಪ್ಲಾಸ್ಟಿಕ್ ಡಬ್ಬಿ ತಂದು, ಬೀಜವನ್ನೆಲ್ಲ ತುಂಬಿ, ಮುಚ್ಚಳಕ್ಕೆ ಚೀಟಿ ಅಂಟಿಸಿ, ಫೋಟೊ ಬೇರೆ ತೆಗೆದಿದ್ದೆ. ಬೀಜ ಪೂರ್ತಿ ಒಣಗಿರಲಿಲ್ಲ. ಮುಂದಿನ ಮೇನಲ್ಲಿ ಮುಚ್ಚಳ ತೆಗೆದರೆ ಬೂಸ್ಟಿನ ವಾಸನೆ. ಬೆಂಡೆ ಅಷ್ಟೂ ಹೋಗಿತ್ತು. ನಮ್ಮದು ಹಾಲುಬೆಂಡೆ, ಬಿಳಿಹಸಿರು, ಉದ್ದ, ಎಂಟು ಏಣಿನದ್ದು, ಬಲಿತರೂ ನಾರಾಗದ್ದು. ಪೇಟೆಯಲ್ಲಿ ಸಿಗುವ ಐದು ಏಣಿನ ಬೆಂಡೆ ಅದರ ಹತ್ತಿರವೂ ಬರುವುದಿಲ್ಲ. ಆಯಿ ನನಗೆ ಏನೂ ಅನ್ನಲಿಲ್ಲ, ಅದೇ ಕಷ್ಟ ಆಗಿದ್ದು.

ಆ ಸಲ ಹಿತ್ತಲಿಗೆ ಬೆಂಡೆ ಇಲ್ಲ. ಚೌತಿಗೆ ಅತ್ತೆ (ಅಪ್ಪನ ತಂಗಿ) ಬಂದಾಗ ಮಾತಿಗೆ ಮಾತು ಬಂತು. ಮದುವೆಯಾದ ವರ್ಷ ಅಜ್ಜಿ ಅವಳಿಗೆ ಕೊಟ್ಟ ಬೆಂಡೆ ಅವಳ ಮನೆಯಲ್ಲಿ ಇನ್ನೂ ಇದೆಯಂತೆ! ದೀಪಾವಳಿಗೆ ಬರುವಾಗ ಕರ್ಚೀಫಿನ ತುದಿಗೆ ಗಂಟು ಹಾಕಿಕೊಂಡು ತಂದಳು. “ನಮ್ಮಮ್ಮ ಕೊಟ್ಟಿದ್ದೇ ಇದು, ನಂದೇನೂ ಇಲ್ಲ” ಅಂದಳು. ನಮ್ಮದೇ ಬೆಂಡೆ ಅತ್ತೆಮನೆ ಬೆಂಡೆ ಆದದ್ದು ಹೀಗೆ.

ಈಗ ನಾನು ಮಾಡುವುದು: ನೆರಳಲ್ಲಿ ಒಂದು ವಾರ, ಆಮೇಲೆ ಬೆಳಗಿನ ಎಳೆಬಿಸಿಲಲ್ಲಿ ಎರಡು ದಿನ. ಬೆಂಡೆ ಬೀಜ ಹಲ್ಲಲ್ಲಿ ಕಚ್ಚಿದರೆ ಕಟ್ ಅನ್ನಬೇಕು. ಕುಂಬಳದ ಬೀಜ ಬಗ್ಗಿಸಿದರೆ ಮುರಿಯಬೇಕು, ಬಾಗಿದರೆ ಇನ್ನೂ ಹಸಿ. ಆಮೇಲೆ ಕಾಗದದ ಪೊಟ್ಟಣ, ಪೊಟ್ಟಣವನ್ನು ಗಾಜಿನ ಬಾಟಲಿಗೆ, ತಳಕ್ಕೆ ಒಂದು ಹಿಡಿ ಬೂದಿ ಅಥವಾ ಹುರಿದು ಆರಿಸಿದ ಅಕ್ಕಿ. ಬಾಟಲಿ ಫ್ರಿಜ್ಜಿನ ಕೆಳಗಿನ ಅರೆಗೆ. ಅರ್ಧ ಮಾತ್ರ ನನ್ನ ಹತ್ತಿರ. ಉಳಿದರ್ಧ ಬೇರೆ ಎರಡು ಮನೆಗೆ.

ಎಷ್ಟು ವರ್ಷ ಬಾಳುತ್ತದೆ?

ಈರುಳ್ಳಿ ಬೀಜ ಒಂದೇ ವರ್ಷ. ಬೆಂಡೆ, ಮೆಣಸು ಎರಡು-ಮೂರು. ಟೊಮೆಟೊ, ಸೌತೆ ಜಾತಿಯದ್ದು ಚೆನ್ನಾಗಿಟ್ಟರೆ ನಾಲ್ಕೈದು. ಅನುಮಾನ ಬಂದರೆ ಒದ್ದೆ ಬಟ್ಟೆಯಲ್ಲಿ ಹತ್ತು ಬೀಜ ಕಟ್ಟಿಡಿ, ವಾರದಲ್ಲಿ ಆರು ಮೊಳೆತರೆ ಬಿತ್ತಿ, ಮೂರೇ ಮೊಳೆತರೆ ಒತ್ತಾಗಿ ಬಿತ್ತಿ. ಸುಮ್ಮನೆ ಡಬ್ಬಿಯಲ್ಲಿ ಇಟ್ಟು ಪೂಜೆ ಮಾಡುವುದಕ್ಕಿಂತ ಪ್ರತಿ ವರ್ಷ ಸ್ವಲ್ಪ ಹಾಕಿ ಹೊಸ ಬೀಜ ತೆಗೆಯುವುದೇ ಒಳ್ಳೆಯದು.

ಅಂಗಡಿ ಪ್ಯಾಕೆಟ್ಟಿನ ಗಿಡದಿಂದ ಬೀಜ ತೆಗೆಯಬಹುದಾ?

ಪ್ಯಾಕೆಟ್ಟಿನ ಮೇಲೆ ಹೈಬ್ರಿಡ್ ಅಥವಾ ಎಫ್1 (ಎರಡು ತಳಿ ಕೂಡಿಸಿ ಮಾಡಿದ ಮೊದಲ ಪೀಳಿಗೆಯ ಬೀಜ) ಅಂತ ಇದ್ದರೆ ಬೇಡ. ಮೊಳೆಯುತ್ತದೆ, ಕಾಯಿಯೂ ಬಿಡುತ್ತದೆ, ಆದರೆ ಒಂದು ಗಿಡ ಅಪ್ಪನ ಹಾಗೆ, ಇನ್ನೊಂದು ಅಮ್ಮನ ಹಾಗೆ, ಮೂರನೆಯದು ಯಾರ ಹಾಗೂ ಇಲ್ಲ. ಹೈಬ್ರಿಡ್ ಅಲ್ಲದ ಸುಧಾರಿತ ತಳಿಯಾದರೆ ಧಾರಾಳವಾಗಿ ತೆಗೆಯಿರಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ ಅಂಥದ್ದು, ಹಳದಿ ನಂಜುರೋಗ ತಡೆದುಕೊಳ್ಳಲೆಂದೇ ತಯಾರಾದ ತಳಿ. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಮಾತ್ರ ಹೈಬ್ರಿಡ್. ಹಳೆ ಬೀಜದವರು ಸಂಸ್ಥೆಯ ಬೀಜ ಮುಟ್ಟಬಾರದು ಅಂತೇನಿಲ್ಲ. ಆಯಿ ಅನಾಮಿಕಾ, ನಮ್ಮ ಹಾಲುಬೆಂಡೆ ಎರಡನ್ನೂ ಅಕ್ಕಪಕ್ಕ ಹಾಕಿ ನೋಡಿ, ನಂಜು ತಡೆಯುವುದರಲ್ಲಿ ಅದು ಮೇಲು, ಪಲ್ಯಕ್ಕೆ ನಮ್ಮದು ಮೇಲು ಅಂತ ತೀರ್ಪು ಕೊಟ್ಟಿದ್ದಾಳೆ.

ಅಕ್ಕಪಕ್ಕ ಹಾಕಿದರೆ ಬೆರಕೆ ಆಗಲ್ವಾ?

ಆಗುತ್ತದೆ, ಆದರೆ ಜನ ಹೆದರುವ ರೀತಿಯಲ್ಲಿ ಅಲ್ಲ. ದೊಣ್ಣೆಮೆಣಸಿನ ಪಕ್ಕ ಹಸಿಮೆಣಸು ಇದ್ದರೆ ಈ ವರ್ಷದ ದೊಣ್ಣೆಮೆಣಸು ಖಾರ ಆಗುವುದಿಲ್ಲ. ಬೆರಕೆ ಆಗುವುದು ಒಳಗಿನ ಬೀಜ. ಅದನ್ನು ಮುಂದಿನ ವರ್ಷ ಬಿತ್ತಿದಾಗ ಬಣ್ಣ ಬಯಲಾಗುತ್ತದೆ. ಎರಡು ಬಗೆಯ ಬದನೆ, ಎರಡು ಬಗೆಯ ಹೀರೆ ಹತ್ತಿರ ಇದ್ದರೂ ಇದೇ ಕತೆ. ಮುಳ್ಳುಸೌತೆ, ಮೊಗೆಕಾಯಿ ಮಾತ್ರ ನೋಡಲು ಅಣ್ಣತಮ್ಮ ಇದ್ದ ಹಾಗಿದ್ದರೂ ಬೆರೆಯುವುದಿಲ್ಲ. ಮೊಗೆಕಾಯಿ ನಿಜವಾಗಿ ಕರ್ಬೂಜದ ನೆಂಟ.

ಜಾಗ ಕಡಿಮೆ ಇರುವವರು ಬಳ್ಳಿ ತರಕಾರಿಯಲ್ಲಿ ಹಿಂದಿನ ಸಂಜೆಯೇ ಅರಳಲಿರುವ ಹೆಣ್ಣುಹೂವಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಮಾರನೇ ದಿನ ಅದೇ ತಳಿಯ ಗಂಡುಹೂವು ಮುಟ್ಟಿಸಿ, ಮತ್ತೆ ಚೀಲ ಕಟ್ಟಬೇಕು. ಕಾಯಿ ಕಚ್ಚಿದ ಮೇಲೆ ತೆಗೆಯಿರಿ.

ಹೂವು ಬೇಕಾದಷ್ಟಿದೆ, ಮಿಡಿ ಹಳದಿಯಾಗಿ ಉದುರುತ್ತದೆ. ಯಾರದ್ದಾದರೂ ದೃಷ್ಟಿನಾ?

ನಮ್ಮ ಮನೆಯಲ್ಲಿ ಮಿಡಿಗೆ ಬೆರಳು ತೋರಿಸುವ ಹಾಗಿಲ್ಲ. ತೋರಿಸಿದರೆ ಕೊಳೆಯುತ್ತದೆಯಂತೆ. ತೋರಿಸಲೇಬೇಕಾದರೆ ಬೆರಳು ಮಡಚಿ ತೋರಿಸಬೇಕು. ನಾನು ಆರು ವರ್ಷದವಳಿದ್ದಾಗ ಕುಂಬಳದ ಮಿಡಿಗೆ ಬೆರಳು ತೋರಿಸಿ, ನಾಲ್ಕು ದಿನದಲ್ಲಿ ಅದು ನಿಜಕ್ಕೂ ಕೊಳೆತು, ಅಜ್ಜಿಯ ಹತ್ತಿರ ಬೈಸಿಕೊಂಡಿದ್ದೇನೆ. ಆ ಅಪರಾಧದಿಂದ ಹೊರಬರಲು ಇಪ್ಪತ್ತು ವರ್ಷ ಬೇಕಾಯಿತು.

ಮಿಡಿ ಕೊಳೆಯಲು ಮುಖ್ಯ ಕಾರಣ ಎರಡು. ಪರಾಗ ಸಿಗದೇ ಹೋಗುವುದು, ಇಲ್ಲವೇ ಹಣ್ಣುನೊಣ ಚುಚ್ಚಿ ಮೊಟ್ಟೆ ಇಡುವುದು. ಜಡಿಮಳೆಯಲ್ಲಿ ಜೇನು ಹೊರಗೆ ಬರುವುದಿಲ್ಲ, ಆಗ ನೀವೇ ಜೇನಾಗಬೇಕು. ಗಂಡುಹೂವಿನ ಪಕಳೆ ಕಿತ್ತು, ನಡುವಿನ ಕೇಸರವನ್ನು ಹೆಣ್ಣುಹೂವಿನ ನಡುವೆ ಮೆಲ್ಲಗೆ ಸವರಿ. ಹೆಣ್ಣುಹೂವು ಯಾವುದು ಅಂದರೆ, ಹಿಂದೆ ಪುಟಾಣಿ ಕಾಯಿ ಇರುವುದು. ಹೊತ್ತು ತಪ್ಪಬೇಡಿ. ಸಿಹಿಗುಂಬಳ ಬೆಳ್ಳಂಬೆಳಗ್ಗೆ ಅರಳುತ್ತದೆ, ಹೀರೆ ಮತ್ತು ಸೋರೆ ಸಂಜೆ. ಬೆಳಗ್ಗೆ ಹತ್ತಕ್ಕೆ ಎದ್ದು ಹೀರೆಗೆ ಪರಾಗ ಮುಟ್ಟಿಸಿದೆ, ಕಚ್ಚಲೇ ಇಲ್ಲ ಅಂದರೆ ಹೀರೆಯ ತಪ್ಪಲ್ಲ. ನೊಣ ತಡೆಯಲು, ಕಾಯಿ ಕಚ್ಚಿದ ಕೂಡಲೇ ಮಿಡಿಯನ್ನು ಕಾಗದದ ಚೀಲದಲ್ಲಿ ಮುಚ್ಚಿ. ಕೊಳೆತ ಕಾಯಿಯನ್ನು ಅಲ್ಲೇ ಬಿಡಬೇಡಿ, ಒಳಗಿನ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ.

ಅಂದಹಾಗೆ, ಮುಟ್ಟಾದವರು ಬಳ್ಳಿ ಮುಟ್ಟಬಾರದು ಅನ್ನುವ ಇನ್ನೊಂದು ಪದ್ಧತಿಯೂ ಇತ್ತು. ಅದನ್ನು ಆಯಿಯೇ ಬಿಟ್ಟಳು. ಬಳ್ಳಿಗಳೇನೂ ಬೇಜಾರು ಮಾಡಿಕೊಂಡಿಲ್ಲ.

ಸೋರೆಕಾಯಿ ಕಹಿ ಬಂತು. ಬೇಯಿಸಿದರೆ ಹೋಗುತ್ತಾ?

ಹೋಗುವುದಿಲ್ಲ, ಬಿಸಾಡಿ. ಇದರಲ್ಲಿ ತಮಾಷೆ ಇಲ್ಲ. ಸೋರೆ, ಹೀರೆ, ಸೌತೆಯಲ್ಲಿ ಬರುವ ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ಕಹಿ ಸೋರೆ ಜ್ಯೂಸು ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಹಾಗಲದ ಕಹಿ ಬೇರೆ, ಅದಕ್ಕೆ ಹೆದರಬೇಕಿಲ್ಲ. ಅಜ್ಜಿ ಸೋರೆ ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ತಾಗಿಸಿ ಉಗಿಯುತ್ತಿದ್ದಳು, ನಾವೂ ಅದನ್ನೇ ಮಾಡುತ್ತೇವೆ. ಕಹಿ ಬಂದ ಬಳ್ಳಿಯಿಂದ ಬೀಜ ತೆಗೆಯಲೇಬೇಡಿ.

ಹುಳಕ್ಕೆ ಏನು ಹೊಡೆಯುತ್ತೀರಿ?

ಬೇವಿನೆಣ್ಣೆ, ಲೀಟರ್ ನೀರಿಗೆ 5 ಮಿ.ಲೀ., ಕರಗಲು ಒಂದು ಚೂರು ಸೋಪಿನ ನೀರು, ಸಂಜೆ ಹೊತ್ತು. ಅಲಸಂದೆಯ ಕರಿಹೇನಿಗೆ ಒಲೆಬೂದಿ. ಬಸವನಹುಳಕ್ಕೆ ಟಾರ್ಚು ಹಿಡಿದು ರಾತ್ರಿ ಹೆಕ್ಕುವುದೇ ಮದ್ದು. ಹರಿವೆ ಬೀಜ ಇರುವೆ ಹೊತ್ತೊಯ್ಯುತ್ತದೆ ಅನ್ನುವವರು ಬೀಜವನ್ನು ಮರಳಿನ ಜೊತೆ ಬೆರೆಸಿ ಚೆಲ್ಲಿ, ಸುತ್ತ ಅರಿಶಿನ ಪುಡಿ ಹಾಕಿ ನೋಡಿ. ಬೆಂಡೆ ಎಲೆಯಲ್ಲಿ ನರ ಹಳದಿಯಾದರೆ ಅದು ಬಿಳಿನೊಣ ಹರಡುವ ನಂಜು, ಮದ್ದಿಲ್ಲ, ಗಿಡ ಕಿತ್ತುಬಿಡಿ.

ಗೊಬ್ಬರ?

ಕೊಟ್ಟಿಗೆ ಗೊಬ್ಬರ, ಒಣ ದರಕು (ಉದುರಿದ ಎಲೆ), ಅಡುಗೆಮನೆ ಕಸ. ಜೀವಾಮೃತ ಎಂಬ ದ್ರವಗೊಬ್ಬರ ಬೇಕೆಂದರೆ ಹಿತ್ತಲಿನ ಅಳತೆ ಇದು: 20 ಲೀಟರ್ ನೀರು, 1 ಕೆ.ಜಿ. ಸೆಗಣಿ, 1 ಲೀಟರ್ ಗೋಮೂತ್ರ, ಬೆಲ್ಲ ಮತ್ತು ಕಡಲೆಹಿಟ್ಟು ತಲಾ 200 ಗ್ರಾಂ, ಒಂದು ಹಿಡಿ ಮಣ್ಣು. ಎರಡು ದಿನ ನೆರಳಲ್ಲಿಟ್ಟು ಕಲಕುತ್ತಿರಿ.

ಮಂಗಗಳಿಗೆ ಏನು ಮಾಡುವುದು?

ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಮಲೆನಾಡಿನಲ್ಲಿ ಹಿತ್ತಲು ಖಾಲಿಯಾಗಲು ಪೇಟೆ ತರಕಾರಿಯಷ್ಟೇ ಮಂಗವೂ ಕಾರಣ. ಒಂದು ಹಿಂಡು ಬಂದರೆ ಹತ್ತು ನಿಮಿಷ ಸಾಕು. ತಿನ್ನುವುದು ಸ್ವಲ್ಪ, ಕಿತ್ತು ಬಿಸಾಡುವುದೇ ಜಾಸ್ತಿ. ಬೆರ್ಚಪ್ಪನ (ಬೆದರುಬೊಂಬೆ) ತಲೆ ಮೇಲೆ ಕೂತು ಮುಳ್ಳುಸೌತೆ ತಿಂದದ್ದನ್ನು ನಾನೇ ನೋಡಿದ್ದೇನೆ. ನಾಯಿ ಇದ್ದರೆ ಪರವಾಗಿಲ್ಲ, ಬಲೆ ಕಟ್ಟಿದರೆ ಇನ್ನೂ ಒಳ್ಳೆಯದು, ಎರಡಕ್ಕಿಂತ ಮನೆಯಲ್ಲಿ ಸದಾ ಜನ ಇರುವುದು ಮುಖ್ಯ. ಮೊದಲು ಒಂದು ಮನೆಯಲ್ಲಿ ಹನ್ನೆರಡು ಜನ ಇದ್ದರು, ಹಿತ್ತಲಲ್ಲಿ ಯಾವಾಗಲೂ ಯಾರೋ ಒಬ್ಬರು ಬಟ್ಟೆ ಒಣಗಿಸುತ್ತಲೋ ಸೌದೆ ಒಡೆಯುತ್ತಲೋ ಇರುತ್ತಿದ್ದರು. ಈಗ ಆಯಿ-ಅಪ್ಪ ಇಬ್ಬರೇ. ಮಧ್ಯಾಹ್ನ ಇಬ್ಬರೂ ಮಲಗುವ ಹೊತ್ತು ಮಂಗಕ್ಕೂ ಗೊತ್ತಿದೆ.

ಕೆಸು, ಸುವರ್ಣಗೆಡ್ಡೆ, ಅರಿಶಿನ, ಶುಂಠಿ, ಸೂಜಿಮೆಣಸು ನಮ್ಮಲ್ಲಿ ಇನ್ನೂ ಉಳಿದಿವೆ. ಹಾಗಾಗಿ ಹಿತ್ತಲು ನಿಧಾನಕ್ಕೆ ಗೆಡ್ಡೆಯ ಹಿತ್ತಲಾಗುತ್ತಿದೆ. ಬೆಂಡೆ ಮಾತ್ರ ಬಲೆಯೊಳಗೆ, ಬೀಜ ತಪ್ಪಬಾರದು ಅಂತ.

ನಮಗೆ ಜಾಗ ಇಲ್ಲ, ಅಪಾರ್ಟ್‌ಮೆಂಟು. ಆಗುತ್ತಾ?

ಬಿಸಿಲು ಐದಾರು ಗಂಟೆ ಬಂದರೆ ಆಗುತ್ತದೆ. ಒಂದು ಅಡಿ ಆಳದ ಚೀಲ, ಕೆಂಪುಮಣ್ಣು, ತೆಂಗಿನನಾರಿನ ಪುಡಿ, ಗೊಬ್ಬರ ಮೂರೂ ಸಮ. ಒಂದು ಚೀಲಕ್ಕೆ ಒಂದು ಬದನೆ ಅಥವಾ ಎರಡು ಬೆಂಡೆ. ತಾರಸಿಯಾದರೆ ಭಾರ ನೋಡಿಕೊಳ್ಳಿ. ಒದ್ದೆ ಮಣ್ಣು ಒಂದು ಘನ ಅಡಿಗೆ 45-50 ಕೆ.ಜಿ. ತೂಗುತ್ತದೆ, ಚೀಲಗಳನ್ನು ತೊಲೆ, ಗೋಡೆ ಇರುವ ಕಡೆ ಇಡಿ. ಬಿಸಿಲು ಕಡಿಮೆ ಇದ್ದರೆ ಒಂದೆಲಗ, ದೊಡ್ಡಪತ್ರೆ, ಬಸಳೆ ಸಾಕು. ಒಂದು ಕುಂಡದ ದೊಡ್ಡಪತ್ರೆಯಲ್ಲಿ ವಾರಕ್ಕೊಂದು ತಂಬುಳಿ ನಡೆಯುತ್ತದೆ.

ಇದರಿಂದ ದುಡ್ಡು ಉಳಿಯುತ್ತಾ?

ಬೆಂಗಳೂರಿನಲ್ಲಿ ಇಲ್ಲ. ಚೀಲ, ಗೊಬ್ಬರ, ನೀರು ಲೆಕ್ಕ ಹಾಕಿದರೆ ನನ್ನ ಬದನೆ ಸೂಪರ್‌ಮಾರ್ಕೆಟ್ಟಿನದ್ದಕ್ಕಿಂತ ದುಬಾರಿ. ಊರಲ್ಲಿ ಉಳಿಯುತ್ತದೆ, ಯಾರೂ ಲೆಕ್ಕ ಬರೆಯುವುದಿಲ್ಲ ಅಷ್ಟೇ.

ಇದೆಲ್ಲ ಒಂದು ಮನೆಯ ಕತೆ. ಒಂದು ಊರೇ ಬೀಜ ಉಳಿಸಿದ್ದು ಇದೆಯಾ?

ಉಡುಪಿ ಹತ್ತಿರದ ಮಟ್ಟು ಊರಿನ ಗುಳ್ಳ ಬದನೆ ಇದೆಯಲ್ಲ. ಸೋದೆ ಮಠದ ಯತಿ ವಾದಿರಾಜರು ಮಟ್ಟುವಿನವರಿಗೆ ಬೀಜ ಕೊಟ್ಟರು ಅನ್ನುವುದು ಅಲ್ಲಿನವರ ನಂಬಿಕೆ. ಗುಂಡಗೆ, ತಿಳಿಹಸಿರು, ಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ಅದಕ್ಕೆ ಭೌಗೋಳಿಕ ಸೂಚಿಕೆಯ (ಇದು ಇಂಥ ಊರಿನದ್ದೇ ಎಂದು ಗುರುತಿಸುವ ಜಿಐ) ಮಾನ್ಯತೆಯೂ ಸಿಕ್ಕಿದೆ. ಆ ಬದನೆಯ ಹೆಸರಿನಲ್ಲೂ ವಿಳಾಸವೇ ಇರುವುದು ನೋಡಿ.

ಬೀಜ ಹಂಚುವುದು, ಮಾರುವುದು ಕಾನೂನು ಪ್ರಕಾರ ಸರಿನಾ?

ಸರಿ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ತಾವು ಬೆಳೆದ ಬೀಜ ಎತ್ತಿಡುವ, ಬಿತ್ತುವ, ಅದಲುಬದಲು ಮಾಡುವ, ಹಂಚುವ, ಮಾರುವ ಹಕ್ಕು ಕೊಟ್ಟಿದೆ. ಹಕ್ಕು ನೋಂದಾಯಿಸಿದ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ.

ಅಮೆರಿಕದಲ್ಲಿರುವ ಮಗಳಿಗೆ ಕಳಿಸಬಹುದಾ?

ಸೂಟ್‌ಕೇಸಿನ ಸೀರೆ ಮಡಿಕೆಯಲ್ಲಿ ಬಚ್ಚಿಟ್ಟು ಮಾತ್ರ ಕಳಿಸಬೇಡಿ. ಅಮೆರಿಕ, ಆಸ್ಟ್ರೇಲಿಯ ಎರಡೂ ಕಡೆ ಹೊರಗಿನ ಬೀಜಕ್ಕೆ ಕಟ್ಟುನಿಟ್ಟಿನ ನಿಯಮ ಇದೆ, ಪ್ರಮಾಣಪತ್ರ, ಪರವಾನಗಿ ಕೇಳುತ್ತಾರೆ. ನಿಯಮ ಇರುವುದು ರೋಗ ಹರಡದಿರಲಿ ಅಂತ. ಅಲ್ಲಿನ ಭಾರತೀಯರ ಹತ್ತಿರವೇ ಬಸಳೆ, ಹಾಲುಬೆಂಡೆ ಇರುತ್ತದೆ, ಕೇಳಲು ಹೇಳಿ. ಹಿಮ ಬೀಳುವ ಊರಾದರೆ ಚಳಿ ಪೂರ್ತಿ ಹೋದ ಮೇಲೆ ಹಾಕಲಿ.

ಮನೆಯಲ್ಲಿ ಹಳೆ ಬೀಜ ಒಂದೂ ಉಳಿದಿಲ್ಲ. ಎಲ್ಲಿಂದ ಶುರು ಮಾಡುವುದು?

ಮೊದಲು ನಿಮ್ಮ ನೆಂಟರ ಮನೆಗೆ ಫೋನ್ ಮಾಡಿ. ಮುಖ್ಯವಾಗಿ ನಿಮ್ಮ ಮನೆಯಿಂದ ಮದುವೆಯಾಗಿ ಹೋದ ಹಿರಿಯ ಹೆಣ್ಣುಮಕ್ಕಳಿಗೆ. ನಿಮ್ಮ ಅಜ್ಜಿಯ ಬೀಜ ಇರುವುದಾದರೆ ಅಲ್ಲಿರುತ್ತದೆ. ಇಲ್ಲವಾದರೆ ಶಿರಸಿಯಲ್ಲಿ ವನಸ್ತ್ರೀ ಎಂಬ ಬೀಜ ಕಾಯುವ ಹೆಂಗಸರ ಬಳಗ ಇದೆ, 2001ರಿಂದ ಕೆಲಸ ಮಾಡುತ್ತಿದೆ, ಅವರ ಮಲೆನಾಡು ಮೇಳದಲ್ಲಿ ಬೀಜ, ಗೆಡ್ಡೆ, ಬಳ್ಳಿಯ ತುಂಡು ಎಲ್ಲ ಸಿಗುತ್ತದೆ. ಬೆಂಗಳೂರು, ಮೈಸೂರು ಕಡೆಯವರು ದೇಸಿ ಬೀಜ ಉಳಿಸುವ ಸಹಜ ಸಮೃದ್ಧ ಸಂಸ್ಥೆಯ ಬೀಜ ಮೇಳ, ಗೆಡ್ಡೆಗೆಣಸು ಮೇಳಗಳಿಗೆ ಹೋಗಿ. ಒಮ್ಮೆಲೇ ಇಪ್ಪತ್ತು ಬಗೆ ತರಬೇಡಿ. ಎರಡು ತನ್ನಿ, ಬೆಳೆಸಿ, ಬೀಜ ಮಾಡಿ.

ನಿಮ್ಮ ಹತ್ತಿರ ಬೆಂಡೆ ಬೀಜ ಕೇಳಬಹುದಾ?

ಕೇಳಿ, ಆದರೆ ದೀಪಾವಳಿ ಕಳೆದ ಮೇಲೆ. ಅದಕ್ಕೆ ಮೊದಲು ಕೇಳಿದರೆ ಕಾಯಿ ಇನ್ನೂ ಗಿಡದಲ್ಲೇ ಚಿಂದಿ ಕಟ್ಟಿಸಿಕೊಂಡು ನಿಂತಿರುತ್ತದೆ. ಒಬ್ಬರಿಗೆ ಹದಿನೈದು ಬೀಜ. ದುಡ್ಡು ಬೇಡ. ಮುಂದಿನ ವರ್ಷ ನನಗೆ ಹತ್ತು ಬೀಜ ವಾಪಸ್ಸು ಕೊಡಬೇಕು, ಇನ್ನೂ ಎರಡು ಮನೆಗೆ ಕೊಟ್ಟು ಅವರ ಫೋನ್ ನಂಬರ್ ಬರೆದಿಟ್ಟುಕೊಳ್ಳಬೇಕು. ನನ್ನ ಡಬ್ಬಿಯಲ್ಲಿ ಮತ್ತೆ ಬೂಸ್ಟು ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ನನಗೆ ಗೊತ್ತಿರಬೇಕಲ್ಲ.